ಕಲ್ಲೊಪ್ಪದ ಕೆಳಗಿನ ಗೆರೆಗಳು

2023ರ ನವೆಂಬರ್ 14, ಮಂಗಳವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಇಟಲಿಯ ಚಾಕುಗಳ ಊರಾದ ಮಾನಿಯಾಗೊದ ಹಿಂದಿನ ಬೆಟ್ಟದ ನೆತ್ತಿ ಇನ್ನೂ ಬೆಳಗಿಲ್ಲ. ಮೊಂಜಾತ್ ಚಾಕು ಕಾರ್ಖಾನೆಯ ಹಿಂಬಾಗಿಲಿನಿಂದ ಒಳಬಂದ ಒನೇಲಿಯಾ ಸಿಯೇಗಾ ದೀಪ ಹಾಕುವ ಮೊದಲು ನಲ್ಲಿ ತಿರುಗಿಸುತ್ತಾರೆ. ಬಿಸಿನೀರು ಬರುವವರೆಗೆ ಕಾದು ಬಲಗೈಯನ್ನು ಅದರಡಿ ಹಿಡಿಯುತ್ತಾರೆ. ನಡುಬೆರಳೂ ಉಂಗುರದ ಬೆರಳೂ ಮೇಣದಂತೆ ಬಿಳಿಚಿಕೊಂಡಿವೆ. ಮೊದಲು ನೀಲಿ, ಆಮೇಲೆ ಕೆಂಪು, ಕೊನೆಗೆ ಎಲ್ಲರ ಬೆರಳಿನ ಬಣ್ಣ. ಅಷ್ಟಾದ ಮೇಲೆಯೇ ದೀಪ.

ಅವರ ಮೇಜು ಉತ್ತರದ ಕಿಟಕಿಗೆ ಒತ್ತಿಕೊಂಡಿದೆ. ಉತ್ತರದಿಂದ ನೇರ ಬಿಸಿಲು ಬರುವುದಿಲ್ಲ. ಎಲ್ಲ ಗೀರುಗಳನ್ನೂ ಸಮನಾಗಿ ತೋರಿಸುವ ಬೆಳಕು ಅದು. ವಾಲ್‌ನಟ್ ಮರದ ಹಲಗೆಯ ಮೇಲೆ ಒಂದು ಅಲಗನ್ನು, ಕೀಲಿನ ತೂತಿಗೆ ತಿರುಪು ಕೊಟ್ಟು ಬಿಗಿಯುತ್ತಾರೆ. ಕಬ್ಬಿಣದ ಚಿಕ್ಕ ತುಂಡಿಗೆ ಉಜ್ಜುವ ಎಮರಿ ಕಾಗದ ಸುತ್ತಿ, ಒಂದು ಹನಿ ಎಣ್ಣೆ ಬಿಟ್ಟು, ಅಲಗಿನ ಬುಡದಿಂದ ಮೊನೆಯವರೆಗೆ ಒಂದೇ ಎಳೆತ ಎಳೆಯುತ್ತಾರೆ. ಮೊನೆ ದಾಟಿದ ಕೂಡಲೇ ಕೈ ಮೇಲೇಳುತ್ತದೆ, ಗಾಳಿಯಲ್ಲೇ ಹಿಂದಿರುಗುತ್ತದೆ, ಮತ್ತೆ ಬುಡದಲ್ಲಿ ಕೂರುತ್ತದೆ. ಉಕ್ಕನ್ನು ಮುಟ್ಟಿಕೊಂಡು ಹಿಂದಕ್ಕೆ ಬರುವಂತಿಲ್ಲ. ಬಂದರೆ ಕಾಗದದ ಕಾಳೊಂದು ಉರುಳಿ ಗೆರೆಯ ತುದಿ ಕೊಕ್ಕೆಯಾಗಿ ಬಾಗುತ್ತದೆ. ಇಲ್ಲಿನವರು ಅದಕ್ಕೆ ‘ಗಾಳ’ ಎನ್ನುತ್ತಾರೆ.

“ಗಾಳ ಬಿತ್ತೋ, ಮೊದಲಿಂದ ಶುರು,” ಎನ್ನುತ್ತಾರೆ ಒನೇಲಿಯಾ. “ಅದೊಂದನ್ನೇ ಅಳಿಸೋಕೆ ಹೋದ್ರೆ ಪಕ್ಕದಲ್ಲಿ ಇನ್ನೊಂದು ಬೀಳುತ್ತೆ. ಬೈದ್ರೂ ಹೋಗಲ್ಲ. ಬೈದು ನೋಡಿದೀನಿ.”

ಅರವತ್ತು ವರ್ಷದ ಒನೇಲಿಯಾ ಈ ಕಾರ್ಖಾನೆಯಲ್ಲಿ ಕೈಯಿಂದ ಒಪ್ಪ ಹಾಕುವ ಕೊನೆಯವರು. ಚಾಕುವಿನ ಮೇಲೆ ಕಾರ್ಖಾನೆಯ ಹೆಸರಿರುತ್ತದೆ, ಉಕ್ಕಿನ ಹೆಸರಿರುತ್ತದೆ, ಕೆಲವೊಮ್ಮೆ ವಿನ್ಯಾಸ ಮಾಡಿದವರದೂ ಇರುತ್ತದೆ. ಒಪ್ಪ ಹಾಕಿದವರ ಹೆಸರು ಯಾವ ಚಾಕುವಿನ ಮೇಲೂ ಇರುವುದಿಲ್ಲ.

“ಎಪ್ಪತ್ತಾರರ ಭೂಕಂಪ ಆಗಿ ಮೂರನೇ ವರ್ಷ ಸೇರ್ದೆ. ಹದಿನಾರು ನನಗೆ. ಅರ್ಧ ಊರು ಇನ್ನೂ ತಗಡಿನ ಮನೆಗಳಲ್ಲೇ ಇತ್ತು,” ಎಂದು ನೆನೆಯುತ್ತಾರೆ. ಮೊದಲ ಇಪ್ಪತ್ತನಾಲ್ಕು ವರ್ಷ ಅವರು ನಿಂತದ್ದು ಸಾಣೆಪಟ್ಟಿಯ ಯಂತ್ರದ ಮುಂದೆ. ಓಡುವ ಪಟ್ಟಿಗೆ ಅಲಗನ್ನು ಒತ್ತಿ ಹಿಡಿದಾಗ ಅದರ ನಡುಕ ಬೆರಳಿಗೆ ಹತ್ತುತ್ತದೆ, ಬೆರಳಿನಿಂದ ಮೊಳಕೈಗೆ. ವರ್ಷಾನುಗಟ್ಟಲೆ ಹಾಗೆ ನಡುಗಿದ ಬೆರಳುಗಳ ಸಣ್ಣ ರಕ್ತನಾಳಗಳು ಚಳಿ ಸೋಕಿದರೆ ಸಾಕು, ಮುಚ್ಚಿಕೊಳ್ಳುತ್ತವೆ. ಬೆರಳು ಬಿಳಿಯಾಗುತ್ತದೆ, ಸ್ಪರ್ಶ ಹೋಗುತ್ತದೆ. ಊರಿನಲ್ಲಿ ಈ ಬೆರಳು ಇಲ್ಲದ ಮನೆ ಕಡಿಮೆ. ಯಂತ್ರ ಮುಟ್ಟಬಾರದೆಂದು ವೈದ್ಯರು ಹೇಳಿದ ವಾರವೇ ಆಗಿನ ಯಜಮಾನ, ಮುದುಕ ಮೊಂಜಾತ್, ಅವರಿಗೆ ಕಿಟಕಿಯ ಮೇಜು ಕೊಟ್ಟರು.

“ಕರುಣೆಯಿಂದ ಕೊಟ್ರು ಅನ್ಕೋಬೇಡಿ. ಅಲ್ಲಿ ಕೂತು ಉಜ್ಜೋ ಸಹನೆ ಬೇರೆ ಯಾರಿಗೂ ಇರ್ಲಿಲ್ಲ.”

ಈಗ ಅವರು ಒಪ್ಪವನ್ನು ಪರೀಕ್ಷಿಸುವುದು ಎಡಗೈಯ ಹೆಬ್ಬೆರಳಿನಿಂದ. ಎಳೆಯುವುದಕ್ಕೆ ಬಲಗೈ, ತಿಳಿಯುವುದಕ್ಕೆ ಎಡಗೈ.

ಪಕ್ಕದ ಸಾಣೆಪಟ್ಟಿಯಲ್ಲಿ ಕೆಲಸ ಮಾಡುವ ಫೆರ್ರುಚ್ಚೊ ಕೈಲಿ ಕಾಫಿ ಹಿಡಿದು ಬರುತ್ತಾರೆ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

“ಏನ್ ಕಣೇ, ಇವತ್ತಾದ್ರೂ ಬೆರಳು ದಾರಿಗೆ ಬಂದ್ವಾ?”

“ಬಂದ್ವು. ನಿನ್ನ ಬುದ್ಧಿ ಯಾವಾಗ ಬರುತ್ತೆ ಅಂತ ಕಾಯ್ತಾ ಇವೆ.”

“ಕೇಳಿ ಇವಳ ಮಾತು! ಇವಳು ಸತ್ತ ದಿನ ನೋಡ್ಬೇಕು. ಶವಪೆಟ್ಟಿಗೆ ಹಿಡಿ ಹಿತ್ತಾಳೇದು ಅಲ್ವಾ, ಅದರ ಮೇಲೆ ಗೀರು ಕಂಡ್ರೆ ಎದ್ದು ಕೂತು ಉಜ್ಜಿ, ಆಮೇಲೆ ಮಲಗ್ತಾಳೆ.”

ಒನೇಲಿಯಾ ನಗುವುದಿಲ್ಲ. ಈ ಮಾತು ತಮಾಷೆಯಷ್ಟೇ ಅಲ್ಲವೆಂದು ಸೆಪ್ಟೆಂಬರ್ ಕೊನೆಯ ಶುಕ್ರವಾರದಿಂದ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

ವಿಷಯ ಒಂದು ಹೊಸ ಮಡಚು ಚಾಕುವಿನದು. ದಿನವೂ ಕಿಸೆಯಲ್ಲಿ ಇರಬೇಕಾದ ಚಾಕು. ಬೆಲೆ ಮಾತ್ರ ಒಂದು ಒಳ್ಳೆಯ ಸೈಕಲ್ಲಿನಷ್ಟು. ಇದನ್ನು ರೂಪಿಸಿದವರು ಈಗಿನ ಯಜಮಾನ ಎರ್ಮೆಸ್ ಅವರ ಮಗಳು ಲವೀನಿಯಾ, ಲೋಹಶಾಸ್ತ್ರ ಓದಿದ ಎಂಜಿನಿಯರ್. ಹಿಡಿ ಟೈಟಾನಿಯಮ್ಮಿನದು, ಅಲಗು ಲೋಹದ ಪುಡಿಯಿಂದ ಬೆಸೆದ ಗಟ್ಟಿ ಉಕ್ಕಿನದು. ಉಳಿದದ್ದು ಒಂದೇ ಪ್ರಶ್ನೆ: ಅಲಗಿಗೆ ಯಾವ ಒಪ್ಪ?

ದಾರಿ ಮೂರಿದ್ದವು. ಒಂದು, ರೇಷ್ಮೆ ಒಪ್ಪ: ಒನೇಲಿಯಾ ಕೈಯಿಂದ ಎಳೆಯುವ, ಬುಡದಿಂದ ಮೊನೆಗೆ ಓಡುವ ನವಿರಾದ ಗೆರೆಗಳು. ಎರಡು, ಕರಿ ಲೇಪ: ನಿರ್ವಾತ ಕುಲುಮೆಯಲ್ಲಿ ಅಲಗಿಗೆ ಹತ್ತಿಸುವ ಕಪ್ಪು ಪದರ. ಮೂರು, ಕಲ್ಲೊಪ್ಪ: ಅಲಗುಗಳನ್ನು ಪಿಂಗಾಣಿ ಕಲ್ಲುಗಳ ಜೊತೆ ಡ್ರಮ್ಮಿಗೆ ಹಾಕಿ ಉರುಳಿಸಿದರೆ ಮೇಲ್ಮೈಯೆಲ್ಲ ಸಾವಿರಾರು ಸಣ್ಣ ಪೆಟ್ಟು ತಿಂದು, ಹೊಳೆಯ ಗುಂಡುಕಲ್ಲಿನಂತೆ ಮಂಕಾಗುತ್ತದೆ. ಕೊನೆಯ ಎರಡಕ್ಕೆ ಒನೇಲಿಯಾ ಬೇಕಿರಲಿಲ್ಲ. ಅವುಗಳಲ್ಲಿ ಯಾವುದನ್ನು ಆರಿಸಿದರೂ ಕಿಟಕಿಯ ಮೇಜು ಮುಚ್ಚುತ್ತದೆ, ಅವರು ಪೆಟ್ಟಿಗೆ ಕಟ್ಟುವ ಕೋಣೆಗೆ ಹೋಗುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಇಂಥ ಆಯ್ಕೆಗೆ ಮೊಂಜಾತ್ ಕಾರ್ಖಾನೆಯಲ್ಲಿ ಹಳೆಯ ಕ್ರಮವೊಂದಿದೆ. ಮಾದರಿ ಚಾಕುಗಳು ನಲವತ್ತು ದಿನ ಕಿಸೆಗಳಲ್ಲಿ ಬದುಕಬೇಕು. ಯಾರಿಗೆ ಯಾವುದು ಬೇಡವೋ ಅದು ಅವರ ಕಿಸೆಗೆ. ನಲವತ್ತು ದಿನವಾದ ಮೇಲೆ ಮಧ್ಯಾಹ್ನದ ಊಟ ಮುಗಿಸಿ, ಬಿಳಿ ಬಟ್ಟೆ ಹಾಸಿ, ಚಾಕುಗಳನ್ನು ಬಿಚ್ಚಿಟ್ಟು ತೀರ್ಮಾನ ಮಾಡುತ್ತಾರೆ. ಆ ಹೊತ್ತಿನಲ್ಲಿ ಒಪ್ಪ ಹಾಕಿದವರು ಮಾತಾಡಬಾರದು. ಕೈ ಹೇಳಬೇಕಾದ್ದನ್ನು ಹೇಳಿಯಾಗಿದೆ, ಬಾಯಿ ಸುಮ್ಮನಿರಲಿ ಎಂದು ಮುದುಕ ಮೊಂಜಾತ್ ಹೇಳುತ್ತಿದ್ದರಂತೆ.

ಎರ್ಮೆಸ್‌ಗೆ ಕಪ್ಪು ಬೇಕಿತ್ತು, ಹೊರದೇಶದ ಗಿರಾಕಿಗಳು ಕಪ್ಪು ಕೇಳುತ್ತಾರೆಂದು. ಹಾಗಾಗಿ ರೇಷ್ಮೆ ಒಪ್ಪದ ಚಾಕು ಅವರ ಕಿಸೆ ಸೇರಿತು. ಕಪ್ಪನ್ನು ಕಂಡರಾಗದ ಫೆರ್ರುಚ್ಚೊಗೆ ಕಪ್ಪು ಸಿಕ್ಕಿತು. ಲವೀನಿಯಾಗೆ ಬೇಕಾದ ಕಲ್ಲೊಪ್ಪದ ಚಾಕು ಒನೇಲಿಯಾ ಪಾಲಿಗೆ ಬಂತು. ಅಳೆಯುವ ಕೆಲಸ ಲವೀನಿಯಾದು.

ಕರಿ ಚಾಕುವಿನ ಕಥೆ ಮೊದಲೇ ಮುಗಿಯಿತು. ಅಣಬೆ ಹುಡುಕಲು ಹೋದ ಫೆರ್ರುಚ್ಚೊ ಅದನ್ನು ಓಕ್ ಮರದಡಿಯ ಎಲೆಗಳಲ್ಲಿ ಬೀಳಿಸಿಕೊಂಡರು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು.

“ಲೇಪ ಚೆನ್ನಾಗೇ ಇದೆ, ಸುಳ್ಳು ಹೇಳಲ್ಲ,” ಎಂದು ಅವರು ಆ ಶುಕ್ರವಾರ ಬಿಳಿ ಬಟ್ಟೆಯ ಮುಂದೆ ಸಾಕ್ಷಿ ನುಡಿದರು. “ಆದ್ರೆ ಕತ್ತಲಲ್ಲಿ ಕರಿ ಬೆಕ್ಕು ಹುಡುಕಿದ ಹಾಗೆ. ಹೊಗೆ ಹಾಕಿದ ಪಿತೀನಾ ಮಾಂಸ ಕೊಯ್ದ್ರೆ ಕೊಬ್ಬು ಅಂಟಿದೆಯೋ ಇಲ್ವೋ ಕಾಣಲ್ಲ. ನನ್ನ ಹೆಂಡತಿ ಅಂತೂ ಊಟದ ಮೇಜಿನ ಮೇಲೆ ಇಡೋಕೇ ಬಿಡ್ಲಿಲ್ಲ. ಕೊಲೆಗಾರನ ಚಾಕು ಅಂತಾಳೆ.”

ಆಮೇಲೆ ಎರ್ಮೆಸ್ ತಮ್ಮ ಚಾಕುವನ್ನು ಎತ್ತಿ ಕಿಟಕಿಗೆ ಹಿಡಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ. ಆದರೂ ಕಂಡಷ್ಟು ಕಂಡಿತು.

“ಸೋತೆ. ನಾನೇ ಸೋತೆ,” ಎಂದರು. “ಕೀಲಿ, ಚಿಲ್ಲರೆ, ಸೇಬು, ದ್ರಾಕ್ಷಿ. ಒಂದು ಗೀರಿಲ್ಲ, ಒಂದು ಕಲೆ ಇಲ್ಲ. ಇದನ್ನ ಬಿಟ್ಟು ನಾನು ಕಪ್ಪು ಅಂತ ಕೂಗಾಡ್ದೆ.”

“ಚಿಲ್ಲರೆ ಎಲ್ಲಿಂದ ಬಂತು ನಿನ್ನ ಕಿಸೇಲಿ?” ಎಂದರು ಫೆರ್ರುಚ್ಚೊ.

ಲವೀನಿಯಾ ಭೂತಗನ್ನಡಿ ಹಿಡಿದು ಅಲಗನ್ನು ಎರಡು ಬಾರಿ ನೋಡಿದರು. “ಅಪ್ಪಾ, ದ್ರಾಕ್ಷಿ ಪೆಟ್ಟಿಗೆಯ ತಂತಿ ಕತ್ತರಿಸಿದ್ದು ಇದರಲ್ಲೇ ಅಲ್ವಾ?”

“ಇದರಲ್ಲೇ! ಅದನ್ನೇ ಹೇಳ್ತಿರೋದು. ತಂತಿಗೂ ಜಗ್ಗಲಿಲ್ಲ.”

ಲವೀನಿಯಾ ಕನ್ನಡಿ ಕೆಳಗಿಟ್ಟರು. “ಹಾಗಾದ್ರೆ ನನ್ನ ಲೆಕ್ಕವೇ ತಪ್ಪು. ಇಷ್ಟು ನವಿರಾದ ಒಪ್ಪಕ್ಕೆ ಒಂದು ವಾರದಲ್ಲಿ ಗೀರು ಬೀಳಬೇಕು ಅನ್ಕೊಂಡಿದ್ದೆ. ಕಣ್ಣ ಮುಂದೆ ಇರೋದನ್ನ ಇಲ್ಲ ಅನ್ನೋಕಾಗಲ್ಲ. ರೇಷ್ಮೆ ಒಪ್ಪವೇ ಆಗ್ಲಿ.”

ಕಿಟಕಿಯ ಮೇಜು ಉಳಿಯಿತು. ಅದು ಉಳಿಯಲು ಒನೇಲಿಯಾ ಮಾಡಬೇಕಾದ್ದು ಏನೂ ಇರಲಿಲ್ಲ, ಕ್ರಮದಂತೆ ಸುಮ್ಮನಿದ್ದರೆ ಸಾಕಿತ್ತು.

“ಆ ಅಲಗನ್ನ ಬೆಳಗ್ಗೆ ನಾನು ಉಜ್ಜಿದೆ,” ಎಂದರು ಒನೇಲಿಯಾ.

ಎರ್ಮೆಸ್ ಅವರ ಕಡೆ ತಿರುಗಿದರು.

“ಉಜ್ಜಿದ್ಯಾ? ಯಾಕೆ?” ಎಂದರು ಎರ್ಮೆಸ್.

“ಗೀರಿತ್ತು.”

ನಡೆದದ್ದನ್ನು ಅವರು ಈಗಲೂ ಅಷ್ಟೇ ಚಿಕ್ಕದಾಗಿ ಹೇಳುತ್ತಾರೆ. ಬಿಳಿ ಬಟ್ಟೆ ಇರುವುದು ಅವರ ಮೇಜಿನ ಖಾನೆಯಲ್ಲಿ. ಅದಕ್ಕೇ ಮಾದರಿ ಚಾಕುಗಳನ್ನು ಹಿಂದಿನ ಸಂಜೆ ಅವರ ಮೇಜಿನ ಮೇಲೇ ಇಟ್ಟು ಹೋಗಿದ್ದರು. “ನೋಡೋಣ ಅಂತ ತಗೊಂಡೆ, ಅಷ್ಟೇ. ಮೊನೆ ಹತ್ರ ಕೀಲಿ ಗೀಚಿದ್ದು ಒಂದು ಗೊಂಚಲಿತ್ತು. ನಡುವೆ ತಂತೀದು ಉದ್ದಕ್ಕೆ. ಕೈಲಿ ಕಾಗದ ಇತ್ತು. ತಿರುಪು ಬಿಚ್ಚಿದ್ದೂ ನೆನಪಿಲ್ಲ ನನಗೆ. ಏಳೂವರೆಗೆ ಫೆರ್ರುಚ್ಚೊ ಯಂತ್ರ ಹಾಕಿದ ಸದ್ದಿಗೆ ತಲೆ ಎತ್ತಿದೆ, ಅಲಗು ಹೊಸದಾಗಿತ್ತು. ಅಯ್ಯೋ, ನಲವತ್ತು ದಿನ ಅಳಿಸಿಬಿಟ್ನಲ್ಲ ಅಂತ ಆಗ ಹೊಳೀತು.”

ಬೆಳಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವರು ಕಿಟಕಿಯ ಕಡೆ ನೋಡುತ್ತಾರೆ. “ಹೇಳ್ದೆ ಇರೋಕಾಗುತ್ತಾ ಅಂತ ಊಟದವರೆಗೆ ನೋಡ್ದೆ. ಆಗಲಿಲ್ಲ. ಆ ಹುಡುಗಿ ತನ್ನ ಲೆಕ್ಕ ತಪ್ಪು ಅಂದ್ಲು. ಅವಳ ಲೆಕ್ಕ ಸರಿ ಇತ್ತು.”

ಹೇಗೂ ಮೌನ ಮುರಿದದ್ದಾಯಿತು, ಉಳಿದದ್ದನ್ನೂ ನೀನೇ ಹೇಳು ಎಂದು ಎರ್ಮೆಸ್ ಆ ದಿನ ಕೇಳಿದರು. ಒನೇಲಿಯಾ ತಾವು ಹೊತ್ತ ಕಲ್ಲೊಪ್ಪದ ಚಾಕುವನ್ನು ಮುಂದಕ್ಕೆ ಸರಿಸಿದರು. ಅದರಿಂದ ಅವರು ಅಣಬೆಯ ಬುಡ ಕೆರೆದಿದ್ದರು, ನಾಯಿಯ ಕೊರಳಪಟ್ಟಿಗೆ ತೂತು ಕೊರೆದಿದ್ದರು, ಅಂಜೂರ ಸೀಳಿ ತೊಳೆಯದೆ ಕಿಸೆಗೆ ಹಾಕಿದ್ದರು. ಹೊಸ ಗೀರುಗಳು ಕಲ್ಲಿನ ಗುರುತುಗಳ ನಡುವೆ ಎಲ್ಲೋ ಕಲೆತು ಹೋಗಿದ್ದವು.

“ನನ್ನ ಒಪ್ಪ ಚೆಂದ. ಅದರಲ್ಲೇನೂ ಸಂಕೋಚ ಇಲ್ಲ ನನಗೆ,” ಎಂದರಂತೆ. “ಆದ್ರೆ ಅದು ಕಿಸೇಲಿದ್ದಿದ್ರೆ ದಿನಾ ಸಂಜೆ ತೆಗೆದು ನೋಡ್ತಿದ್ದೆ. ಅಣಬೆಗೆ ಬೇರೆ ಚಾಕು ತಗೊಂಡು ಹೋಗ್ತಿದ್ದೆ. ಇದನ್ನ ಹೆದರದೆ ಬಳಸ್ದೆ. ಕಿಸೆ ಚಾಕುಗೆ ಇದೇ ಸರಿ.”

ತೀರ್ಮಾನ ಕಲ್ಲೊಪ್ಪಕ್ಕೆ ಹೋಯಿತು. ಅಕ್ಟೋಬರಿನ ಮೊದಲ ವಾರ ಅವರ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿತ್ತು. ಒನೇಲಿಯಾ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಮಡಚತೊಡಗಿದರು. ಅಲ್ಲಿ ಕಿಟಕಿ ಇಲ್ಲ. ಬೆಚ್ಚಗಿರುತ್ತದೆ, ಬೆರಳಿಗೆ ಒಳ್ಳೆಯದು ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಆ ದಿನಗಳ ಬಗ್ಗೆ ಫೆರ್ರುಚ್ಚೊ ಹೇಳುವುದು ಒಂದೇ ಮಾತು: “ನನ್ನ ಯಂತ್ರದ ಪಕ್ಕ ಬೈಯೋರೇ ಇಲ್ದೆ ಹುಚ್ಚು ಹಿಡೀತು.”

ಆ ತಿಂಗಳಲ್ಲೇ ಮೊದಲ ಕಂತಿನ ಅಲಗುಗಳು ಸಾಣೆಪಟ್ಟಿಯಿಂದ ನೇರವಾಗಿ ಡ್ರಮ್ಮಿಗೆ ಹೋಗಿ ಹೊರಬಂದವು. ಅವು ಮಾದರಿಯಂತೆ ಇರಲಿಲ್ಲ. ಕಲ್ಲಿನ ಗುರುತಿನ ಕೆಳಗೆ ಪಟ್ಟಿಯ ಒರಟು ಗೆರೆಗಳು ಅಡ್ಡಡ್ಡ ಎದ್ದು ಕಾಣುತ್ತಿದ್ದವು, ತೆಳ್ಳಗೆ ಹಿಮ ಬಿದ್ದ ಹೊಲದಲ್ಲಿ ಉಳುಮೆಯ ಸಾಲು ಕಾಣುವ ಹಾಗೆ. ಲವೀನಿಯಾ ಕಲ್ಲು ಬದಲಿಸಿದರು, ಸಾಬೂನು ಬದಲಿಸಿದರು, ಹೆಚ್ಚು ಹೊತ್ತು ಉರುಳಿಸಿದರು. ಹೆಚ್ಚು ಉರುಳಿಸಿದರೆ ಗೆರೆ ಮಾಯುವ ಮೊದಲೇ ಅಲಗಿನ ಬೆನ್ನಿನ ಚೂಪು ಅಂಚುಗಳು ಸವೆದು ಸಾಬೂನಿನ ಬಿಲ್ಲೆಯಂತಾದವು.

ಕಾರಣ ಕಂಡುಹಿಡಿದವರೂ ಅವರೇ. ಮೂರು ಮಾದರಿಗಳನ್ನೂ ಅವರು ಒಂದೇ ಗುಂಪಿನಿಂದ ಎತ್ತಿಕೊಂಡಿದ್ದರು. ಆ ಗುಂಪಿನ ಅಲಗುಗಳೆಲ್ಲ ಆಗಲೇ ಒನೇಲಿಯಾ ಕೈ ದಾಟಿ ಬಂದಿದ್ದವು. “ನಾನು ಕಲ್ಲನ್ನ ಹೊಗಳ್ತಾ ಇದ್ದೆ. ಅಡಿಯಲ್ಲಿ ಇದ್ದಿದ್ದು ಅತ್ತೆಯ ಒಪ್ಪ,” ಎನ್ನುತ್ತಾರೆ ಲವೀನಿಯಾ. ಅವರು ಚಿಕ್ಕಂದಿನಿಂದ ಒನೇಲಿಯಾರನ್ನು ಕರೆಯುವುದು ಹಾಗೆಯೇ.

ಪೆಟ್ಟಿಗೆ ಕೋಣೆಗೆ ಹೋಗಿ ಲವೀನಿಯಾ ಹೇಳಿದ ಮಾತನ್ನು ಒನೇಲಿಯಾ ಅನುಕರಿಸಿ ತೋರಿಸುತ್ತಾರೆ: “‘ಅತ್ತೇ, ಏಳಿ. ಕಲ್ಲಿಗೆ ಮುಂಚೆ ನೀವು ಉಜ್ಜಬೇಕು.’ ನಾನಂದೆ, ಉಜ್ಜಿದ ಮೇಲೆ ಕಲ್ಲಲ್ಲಿ ಹೊಡಿಸ್ತೀಯಲ್ಲೇ, ಹುಚ್ಚಿ, ಯಾಕೆ ಉಜ್ಜಬೇಕು? ‘ಕಾಣಬಾರದ್ದು ಕಾಣದೇ ಇರೋಕೆ’ ಅಂದ್ಲು. ನಿಜ ಹೇಳ್ತೀನಿ, ನನಗೂ ಅದು ಹೊಳೆದಿರಲಿಲ್ಲ. ಇಷ್ಟು ವರ್ಷ ಉಜ್ಜಿದ್ದೀನಿ, ನನ್ನ ಕೆಲಸ ಮೇಲ್ಗಡೇದು ಅಂತಲೇ ತಿಳ್ಕೊಂಡಿದ್ದೆ.”

ಹೀಗೆ ಮೇಜಿನ ಹೊದಿಕೆ ತೆಗೆದಿದ್ದಾರೆ. ಈಗ ಒಂದು ಅಲಗಿಗೆ ಸುಮಾರು ಅರ್ಧ ಗಂಟೆ. ದಿನಕ್ಕೆ ಹನ್ನೆರಡು, ಚಳಿ ಹೆಚ್ಚಿದ್ದರೆ ಹತ್ತು. ಪ್ರತಿ ಅಲಗಿನ ಮೇಲೆ ಪಟ್ಟಿಯ ಅಡ್ಡಗೆರೆ ಪೂರ್ತಿ ಹೋಗಿ ಅವರ ಉದ್ದಗೆರೆ ಮೂಡಬೇಕು. ಮೂಡಿದ ಮೇಲೆ ಡ್ರಮ್ಮು ಅದರ ಮೇಲೆ ಕಲ್ಲಿನ ಗುರುತು ಹಾಕುತ್ತದೆ. ಕೊಳ್ಳುವವರಿಗೆ ಸಿಗುವುದು ಕಲ್ಲೊಪ್ಪದ ಚಾಕು.

ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಲವೀನಿಯಾ ತಟ್ಟೆಯೊಂದನ್ನು ಹಿಡಿದು ಮೇಜಿಗೆ ಬರುತ್ತಾರೆ. ನಿನ್ನೆ ಉಜ್ಜಿದ ಅಲಗುಗಳು ಡ್ರಮ್ಮಿನಿಂದ ಬಂದಿವೆ, ಇನ್ನೂ ಒದ್ದೆ. ಒಂದನ್ನು ಒರೆಸಿ ಕಿಟಕಿಗೆ ಹಿಡಿದು, ಅಲಗಿನ ಬುಡದಲ್ಲಿ ಸಾಣೆಯ ಇಳಿಜಾರು ಶುರುವಾಗುವ ಒಳಮೂಲೆಯನ್ನು ಉಗುರಿನಿಂದ ತೋರಿಸುತ್ತಾರೆ.

“ಇಲ್ಲಿ ನೋಡಿ ಅತ್ತೆ. ಮೂಲೆ ಇಕ್ಕಟ್ಟು, ಕಲ್ಲು ಹೋಗ್ತಾ ಇಲ್ಲ. ನಿಮ್ಮ ಗೆರೆ ಹಾಗೇ ಉಳ್ಕೊಂಡಿದೆ.”

ಒನೇಲಿಯಾ ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಮಂಕು ಉಕ್ಕಿನ ಬುಡದಲ್ಲಿ ಒಂದು ಎಳೆಯಷ್ಟು ಜಾಗ ಬೇರೆ ಬೆಳಕಿನಲ್ಲಿ ಹೊಳೆಯುತ್ತಿದೆ. ಎಡಗೈಯ ಹೆಬ್ಬೆರಳಿನ ತುದಿಯಿಂದ ಮುಟ್ಟುತ್ತಾರೆ.

“ಸಣ್ಣ ಕಲ್ಲು ತರಿಸಿದ್ರೆ ಅಲ್ಲಿಗೂ ಹೋಗುತ್ತೆ,” ಎನ್ನುತ್ತಾರೆ ಲವೀನಿಯಾ. “ಪೂರ್ತಿ ಒಂದೇ ಥರ ಆಗುತ್ತೆ.”

ಒನೇಲಿಯಾ ಅಲಗನ್ನು ತಟ್ಟೆಗೆ ಹಿಂದಿರುಗಿಸುವುದಿಲ್ಲ. ಸಾಣೆಪಟ್ಟಿಯ ಸದ್ದು ನಿಂತಿದೆ, ಫೆರ್ರುಚ್ಚೊ ಈ ಕಡೆ ತಿರುಗಿದ್ದಾರೆ.

“ತರಿಸಲೇಬೇಕಾ?”

“ಬೇಡ ಅಂತೀರಾ?”

“ಕೆಲಸಕ್ಕೆ ತೊಂದರೆ ಆದ್ರೆ ತರಿಸು. ತುಕ್ಕು ಹಿಡಿಯೋ ಹಾಗಿದ್ರೆ ತರಿಸು.”

“ತುಕ್ಕು ಹಿಡಿಯಲ್ಲ. ನವಿರಾಗಿದೆ, ಕಲ್ಲು ಬಿದ್ದ ಕಡೆಗಿಂತ ಚೆನ್ನಾಗೇ ತಡೆಯುತ್ತೆ.”

“ಹಾಗಿದ್ರೆ ಅಷ್ಟನ್ನ ಬಿಟ್ಬಿಡು, ಮಗಳೇ. ಬೇರೇನೂ ಕೇಳಲ್ಲ ನಾನು.”

ಲವೀನಿಯಾ ಕಿಸೆಯಿಂದ ಅಳತೆಯ ಭೂತಗನ್ನಡಿ ತೆಗೆದು, ಅಲಗಿನ ಬುಡಕ್ಕೆ ಇಟ್ಟು, ಉಸಿರು ಹಿಡಿದು ಓದುತ್ತಾರೆ. ತಟ್ಟೆಯಲ್ಲಿದ್ದ ಉಳಿದ ಅಲಗುಗಳನ್ನೂ ಒಂದೊಂದಾಗಿ ನೋಡುತ್ತಾರೆ. ಆಮೇಲೆ ಚಾಕುವಿನ ನಕ್ಷೆ ತೆಗೆದು, ಆ ಮೂಲೆಯ ಮೇಲೆ ಬಾಣದ ಗುರುತು ಹಾಕಿ, ‘ಕೈ ಒಪ್ಪ, ಹೀಗೇ ಉಳಿಯಬೇಕು’ ಎಂದು ಬರೆದು, ಪಕ್ಕದಲ್ಲಿ ಅಳತೆ ತುಂಬುತ್ತಾರೆ.

ಅಗಲ: 1.4 ಮಿಲಿಮೀಟರ್.